ಅವನ ಬೆನ್ನ ಹಿಂದೆ ಮೂವತ್ತು ಕಿಲೋಮೀಟರ್

ಏಪ್ರಿಲ್ 14, ಭಾನುವಾರ

ಇವತ್ತಿನ ಸೈಕಲ್ ರೇಸಿನಲ್ಲಿ ನಮ್ಮ ತಂಡದ ನಾಯಕ ಒಬ್ಬನೇ ಮುಂದೆ ಹೋಗಿದ್ದ. ಅವನನ್ನು ಹಿಡಿಯಲು ಹೊರಟ ಬೇರೆ ತಂಡದವನ ಹಿಂದೆ ಅಂಟಿಕೊಂಡು, ಒಮ್ಮೆಯೂ ಮುಂದೆ ಬಂದು ಎದುರುಗಾಳಿ ಸೀಳುವ ಶ್ರಮದಲ್ಲಿ ಪಾಲು ಹೊರದೆ, ಆ ಎದುರಾಳಿಯನ್ನು ದಣಿಸುವುದು ನನ್ನ ಕೆಲಸ. ಹೊರಟವನು ಹೋದ ವರ್ಷದವರೆಗೆ ನಮ್ಮ ತಂಡದಲ್ಲಿದ್ದು, ನನ್ನ ಕೋಣೆಯಲ್ಲೇ ಮಲಗುತ್ತಿದ್ದ ಗೆಳೆಯ.

"ಒಂದ್ಸಲ ಮುಂದೆ ಬಾರೋ. ನನ್ನ ಬೆನ್ನಲ್ಲೇನು ಸಿನಿಮಾ ತೋರಿಸ್ತಿದಾರಾ?" ಎಂದ.

ನಾನು ಅವನ ಹಿಂದಿನ ಚಕ್ರಕ್ಕೇ ಅಂಟಿಕೊಂಡು ತುಳಿದೆ. ಮೂವತ್ತು ಕಿಲೋಮೀಟರ್ ಅವನೊಬ್ಬನೇ ಗಾಳಿ ಸೀಳುತ್ತ ಮುಂದಿದ್ದ. ನಮ್ಮ ನಾಯಕ ಗೆದ್ದ.

ಆ ಗೆಳೆಯನೇ ಕೊಟ್ಟಿದ್ದ ಅನುವಾದಿತ ಕಾದಂಬರಿ ಈಗಷ್ಟೇ ಮುಗಿಯಿತು. ಕೊನೆ ಹಿಡಿಸಿತೆಂದು ಹೇಳಲು ಫೋನ್ ಎತ್ತಿಕೊಂಡೆ, ಮತ್ತೆ ಕೆಳಗಿಟ್ಟೆ. ಇಡೀ ದಾರಿ ಅವನ ಬೆನ್ನು ನನಗೆ ಗಾಳಿ ತಾಗದಂತೆ ತಡೆದಿತ್ತು. ಅಷ್ಟು ಹತ್ತಿರ, ಅಷ್ಟು ಹೊತ್ತು, ಈ ವರ್ಷ ನಾನು ಯಾರ ಜೊತೆಗೂ ಇರಲಿಲ್ಲ.