ಸಣ್ಣ ಕರುಳು ನೌಫಲ್‌ನ ಪಾಲು

ತೋಜರ್
9 ನವೆಂಬರ್ 1999

ಪ್ರೀತಿಯ ಶಾದ್ಲಿಯಾ ಅಕ್ಕನಿಗೆ,

ಸಲಾಂ. ನಿನ್ನ ಎರಡು ಕಾಗದಗಳೂ ಕೈಸೇರಿದವು. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಖರ್ಜೂರದ ಕೊಯ್ಲು ನಡೆದಿದೆ, ಊರಲ್ಲಿ ಯಾರಿಗೂ ತಲೆ ಕೆರೆದುಕೊಳ್ಳಲು ಪುರಸೊತ್ತಿಲ್ಲ. ಅಮ್ಮನಿಗೆ ಕಣ್ಣು ಪೂರ್ತಿ ಹೋಯಿತು. ಊಟ ಮಾಡುತ್ತಾಳೆ. ರಜೆಗೆ ಬರುತ್ತೇನೆಂದು ಬರೆದಿದ್ದೀಯ, ಬೇಸಿಗೆಯಲ್ಲೂ ಹಾಗೇ ಬರೆದಿದ್ದೆ.

ನನ್ನ ತರಗತಿಯ ಹೊಸ ಏರ್ಪಾಡಿನ ಬಗ್ಗೆ ಕೇಳಿದ್ದೀಯ. ಬೆಂಚುಗಳನ್ನು ಸಾಲಿನಿಂದ ತೆಗೆದು ಎದುರುಬದುರು ಹಾಕಿ, ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿ, ಪಾಠವನ್ನೂ ನಾಲ್ಕು ಪಾಲು ಮಾಡಿ ಹಂಚುತ್ತೇನೆ. ತನ್ನ ಪಾಲನ್ನು ಕಲಿತವನು ಉಳಿದ ಮೂವರಿಗೆ ಕಲಿಸಬೇಕು. ಒಬ್ಬರ ಪಾಲನ್ನು ಇನ್ನೊಬ್ಬರು ಹೇಳುವಂತಿಲ್ಲ. ಇದರಲ್ಲಿ ಮಾತ್ರ ನಾನು ಹಟಮಾರಿ.

ಕಳೆದ ವಾರ ಜೀರ್ಣಾಂಗಗಳ ಪಾಠ. ಒಂದು ಗುಂಪಿನಲ್ಲಿ ಸಣ್ಣ ಕರುಳು ನೌಫಲ್‌ಗೆ ಬಂತು. ಪಾಠದ ಚೀಟಿ ಜೇಬಿಗಿಳಿಸಿ ಹೋದವನು ಮರುದಿನದಿಂದ ನಾಪತ್ತೆ, ಅಪ್ಪನ ಜೊತೆ ಕೊಯ್ಲಿಗೆ ಮರ ಹತ್ತುತ್ತಿದ್ದಾನೆ. ಅದೇ ಗುಂಪಿನ ವಿದಾದ್ ಓದಿನಲ್ಲಿ ಎಲ್ಲರಿಗಿಂತ ಮುಂದು. "ಊಟ ನಮ್ಮ ಹೊಟ್ಟೇಲೇ ಕೂತ್ಬಿಟ್ಟಿದೆ ಟೀಚರ್, ಮುಂದಕ್ಕೇ ಹೋಗ್ತಿಲ್ಲ. ಸಣ್ಣ ಕರುಳು ನಂಗೆ ಬಾಯಿಪಾಠ ಬರುತ್ತೆ, ನಾನೇ ಹೇಳ್ಬಿಡ್ಲಾ?" ಅಂದಳು.

"ಅದು ನಿನ್ನ ಪಾಲಲ್ಲ. ಅವನಿಲ್ಲ ಅನ್ನೋದು ನಿಮಗೆ ಗೊತ್ತಾಗ್ಲಿ" ಅಂದೆ.

ಸಂಜೆ ಅವಳಪ್ಪ ಬಂದ. "ಮರ ಹತ್ತೋ ಹುಡುಗನಿಗೆ ನನ್ನ ಮಗಳು ಕಾಯ್ಬೇಕಾ? ಪರೀಕ್ಷೇಲೂ ಅವನ ಪಾಲು ಅಂತ ಖಾಲಿ ಬಿಟ್ಟು ಬರ್ಬೇಕಾ?" ಮುಖ್ಯೋಪಾಧ್ಯಾಯರು ಆ ಅಪ್ಪನ ಪರವಾಗಿಯೇ ಮಾತಾಡಿದರು. ಈ ಗುಂಪು ಪರೀಕ್ಷೆಯಲ್ಲಿ ಸೋತರೆ ಬೆಂಚುಗಳು ಮತ್ತೆ ಸಾಲಿಗೆ ಬರಬೇಕು ಎಂದರು. ನಾನು ಒಪ್ಪಿದೆ.

ಪರೀಕ್ಷೆಯ ಹಿಂದಿನ ದಿನ ಮೂವರೂ ತಾವಾಗಿಯೇ ತೋಟಕ್ಕೆ ಹೋಗಿದ್ದಾರೆ. ನೌಫಲ್ ಮರದ ತುದಿಯಲ್ಲಿದ್ದ. ಕೊಯ್ಲಿನಲ್ಲಿ ಗಂಡಸರು ಕಾಂಡದುದ್ದಕ್ಕೂ ಒಬ್ಬರ ಕೆಳಗೊಬ್ಬರು ಅಂಟಿಕೊಂಡು ಗೊನೆ ಇಳಿಸುತ್ತಾರಲ್ಲ, ಅವನ ಪಾಠವನ್ನೂ ಹಾಗೇ ಬಾಯಿಂದ ಬಾಯಿಗೆ ಇಳಿಸಿದರಂತೆ. ನಡುವಿನಲ್ಲಿದ್ದ ಮುದುಕ, "ಆರು ಮೀಟರ್ ಉದ್ದಾನಾ? ಅದಕ್ಕೇ ನನ್ನ ಹೆಂಡ್ತಿ ಅಡುಗೆ ಎಲ್ಲಿಗೂ ತಲುಪಲ್ಲ" ಅಂದನಂತೆ.

ಮೂವರೂ ಚೆನ್ನಾಗಿ ಬರೆದರು. ಬೆಂಚುಗಳು ಸದ್ಯ ಇದ್ದಲ್ಲೇ ಇವೆ.

ಭಾವನಿಗೆ ಸಲಾಂ ಹೇಳು, ಮಕ್ಕಳಿಗೆ ನನ್ನ ಮುತ್ತು. ನಿಮ್ಮ ಮನೆಯನ್ನು ದೇವರು ತಣ್ಣಗಿಟ್ಟಿರಲಿ.

ನಿನ್ನ ತಂಗಿ,
ಮುಂಜಿಯಾ

ಕಾಗದ ಮಡಿಸುವಾಗ ಇನ್ನೊಂದು ಮಾತು: ಅಮ್ಮ ಪ್ರತಿ ಸಂಜೆ ನಿನ್ನನ್ನು ಕೇಳುತ್ತಾಳೆ. ನೀನಿಲ್ಲವೆಂದರೆ ತಟ್ಟೆ ಮುಟ್ಟುವುದಿಲ್ಲ. ಹಾಗಾಗಿ ಬೇಸಿಗೆಯಿಂದ ನಿನ್ನ ಪಾಲನ್ನು ನಾನೇ ಹೇಳುತ್ತಿದ್ದೇನೆ, ನಿನ್ನ ದನಿಯಲ್ಲಿ. ನಿನ್ನೆ ನನ್ನ ಕೈ ಹಿಡಿದು ಕೇಳಿದಳು: "ಶಾದ್ಲಿಯಾ, ನೀನಾದ್ರೂ ದಿನಾ ಬರ್ತೀಯ. ಮುಂಜಿಯಾ ಯಾಕೆ ಒಂದ್ಸಲನೂ ಬರಲ್ಲ?" "ಅವಳಿಗೆ ಶಾಲೆ ಇದೆಯಮ್ಮ" ಅಂದೆ, ನಿನ್ನ ದನಿಯಲ್ಲೇ. ತುಂಬ ಸಂಕಟವಾಯಿತು. ನೀನೊಮ್ಮೆ ಬಂದರೆ ನಾನು ನಾನಾಗಿ ಅವಳ ಮುಂದೆ ಕೂರಬಹುದು.