ಅಮ್ಮನ ಬಲಭುಜ

ಮೇಡಂ, ನಮಸ್ಕಾರ.

ನಾಳೆ ಬೆಳಿಗ್ಗೆ ನಿಮ್ಮ ಕ್ಲಿನಿಕ್ಕಿಗೆ ನಮ್ಮಮ್ಮ ಬರುತ್ತಾಳೆ. ಬಲಭುಜ ಹಿಡಿದುಕೊಂಡಿದೆ.

ಎರಡು ತಿಂಗಳು ನಾನೇ ಫಿಸಿಯೋಥೆರಪಿ ಕೊಟ್ಟೆ. ನೋವಾಗುತ್ತಾ ಅಂತ ಕೇಳಿದಾಗೆಲ್ಲ, "ಏನಿಲ್ಲ ಕಣೇ, ನಿನ್ನ ಕೈಗುಣ ಚೆನ್ನಾಗಿದೆ" ಅನ್ನುತ್ತಿದ್ದಳು. ನಾನೂ ಉಬ್ಬಿಹೋಗಿ ದಿನಾ ತೋಳನ್ನು ಇನ್ನೊಂದಿಷ್ಟು ಮೇಲೆತ್ತಿ ಒತ್ತಿದೆ. ಮೊನ್ನೆ ಬಾಗಿಲ ಸಂದಿಯಿಂದ ನೋಡಿದರೆ, ಎಡಗೈಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದಳು. ನನ್ನ ಹೆಜ್ಜೆ ಸಪ್ಪಳ ಕೇಳಿದ್ದೇ ಬಾಚಣಿಗೆ ಬಲಗೈಗೆ ಬಂತು.

ರೋಗಿಯ ಬಾಯಿ ನಂಬಬೇಡ, ಮುಖ ನೋಡು ಅಂತ ಕಲಿಸಿದವರು ನೀವು. ಅಮ್ಮನ ಮುಖವನ್ನೂ ನಂಬಬೇಡಿ, ಅದು ನಗುತ್ತಲೇ ಇರುತ್ತದೆ. ಕಾಲ್ಬೆರಳುಗಳನ್ನು ನೋಡಿ, ನೋವಾದರೆ ಮಡಚಿಕೊಳ್ಳುತ್ತವೆ.

ನಿಮ್ಮ ಕೈಯಲ್ಲಾದರೂ ಬಾಯಿಬಿಟ್ಟು ಒಂದು ಸಲ "ಅಮ್ಮಾ" ಅನ್ನಲಿ. ಕೆಲಸಕ್ಕೆ ಹೋಗುತ್ತೇನೆ ಅಂತ ಅವಳಿಗೆ ಹೇಳಿದ್ದೇನೆ. ಹೊರಗಿನ ಬೆಂಚಿನಲ್ಲಿ ನಾನು ಕೂತಿರುವುದನ್ನು ದಯವಿಟ್ಟು ಹೇಳಬೇಡಿ.

ನಿಮ್ಮ ಹಳೇ ವಿದ್ಯಾರ್ಥಿನಿ