ಭಂಡಾರ ಮುಟ್ಟಿ ಆಡಿದ ಸುಳ್ಳು

ಪುರ್ತಗೇರಿ,
12-2-2025, ಬುಧವಾರ

ಚಿ. ಸೌ. ಗೌತಮಿಗೆ ನಿನ್ನ ಅತ್ತೆ ಕಳಕವ್ವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದು, ಗೀಟು ಹೊಡೆದು ಅಳಿಸಿದೆ. ನೀನು ಶಿರೋಳದ ತವರಿಗೆ ಹೋಗಿ ಮೂರೂವರೆ ತಿಂಗಳಾಯಿತು. ಇಷ್ಟು ದಿನ ಒಂದು ಸಾಲು ಬರೆಯದ ಅತ್ತೆಗೆ ಈಗೇನು ಬಂತು ಎಂದು ನಿನಗೆ ಅನ್ನಿಸಿದರೆ ತಪ್ಪಿಲ್ಲ. ಮೂರು ಸಲ ಫೋನಿನಲ್ಲಿ ನಿನ್ನ ನಂಬರು ಒತ್ತಿ, ನೀನು ಎತ್ತುವ ಮೊದಲೇ ಕಟ್ ಮಾಡಿದೆ. ನಿನ್ನ ದನಿ ಕೇಳಿದರೆ ಇನ್ನೊಂದು ಸುಳ್ಳು ಹೇಳಿಬಿಡುತ್ತೇನೆಂಬ ಹೆದರಿಕೆ. ನಾಲ್ಕನೆಯ ಇಯತ್ತೆವರೆಗೆ ಕಲಿತವಳ ಅಕ್ಷರ, ಸಹಿಸಿಕೊಂಡು ಓದು.

ಕಡಲೆ ಕಿತ್ತಾಯಿತು. ನಿನ್ನ ಮಾವನ ಮೊಣಕಾಲು ನೋವು ಹಾಗೇ ಇದೆ. ನಿನ್ನ ಗಂಡ ಪರಶು ಸೊರಗಿದ್ದಾನೆ. ಏನು ಮಾಡಿ ಬಡಿಸಿದರೂ "ಅಕಿ ಮಾಡೂ ಪುಂಡಿಪಲ್ಲೆ ಹಿಂಗಿರಲಿಲ್ಲ ಬೇ" ಎನ್ನುತ್ತಾನೆ. ಮೊದಲಾಗಿದ್ದರೆ ಲಟ್ಟಣಿಗೆ ಎತ್ತುತ್ತಿದ್ದೆ. ಈಗ ಇನ್ನೊಂದು ರೊಟ್ಟಿ ಬಡಿಸುತ್ತೇನೆ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ. ನನ್ನ ಕೈಯಿಂದ ಬರೆದದ್ದು ನಿನ್ನ ಹತ್ತಿರ ಇರಲಿ, ಯಾರಾದರೂ ಕೇಳಿದರೆ ತೋರಿಸಲು. ಆ ಬೈಬಲ್ ಪುಸ್ತಕ ನನ್ನದು. ಗೋವೆಗೆ ಗೌಂಡಿ ಕೆಲಸಕ್ಕೆ ಹೋಗಿದ್ದಾಗ ಪಕ್ಕದ ಶೆಡ್ಡಿನ ಭಾರತಿ ಕೊಟ್ಟದ್ದು. ಯೇಸುವನ್ನು ನಂಬಿದವಳು ನಾನು, ಆರು ವರ್ಷದಿಂದ, ಸೆರಗಿನ ಮರೆಯಲ್ಲಿ. ಸಣ್ಣ ಅಕ್ಷರ ಕಣ್ಣಿಗೆ ಹತ್ತುವುದಿಲ್ಲವೆಂದು ನಿನ್ನಿಂದ ಓದಿಸುತ್ತಿದ್ದೆ. ನಾನು ರೊಟ್ಟಿ ಬಡಿಯುವ ಸದ್ದಿಗೆ ನಿನ್ನ ದನಿ ಹೊರಗೆ ಹೋಗುತ್ತಿರಲಿಲ್ಲ. ಎಷ್ಟು ಶಾಣ್ಯಾತನ ನೋಡು ನನ್ನದು! ನಿನಗೆ ನಂಬಿಕೆ ಇದೆಯೋ ಇಲ್ಲವೋ ಎಂದು ಮಾತ್ರ ಒಮ್ಮೆಯೂ ಕೇಳಲಿಲ್ಲ. ಅತ್ತೆಗೆ ಇಷ್ಟ ಎಂದು ಓದಿದೆ ನೀನು, ಅಷ್ಟೇ.

ದೀಪಾವಳಿಗೆ ಮನೆ ಸಾರಿಸುವಾಗ ಜೋಳದ ಚೀಲದ ಹಿಂದಿನಿಂದ ಅದು ನಿನ್ನ ಮಾವನ ಅಣ್ಣ ಶಿವನಪ್ಪ ಭಾವನವರ ಕೈಗೇ ಸಿಗಬೇಕೆ? ಹಿರಿಯರನ್ನೆಲ್ಲ ಕೂಡಿಸಿ ನಮ್ಮಿಬ್ಬರ ಮುಂದೆ ದೇವರ ಭಂಡಾರದ ತಟ್ಟೆ ಇಟ್ಟರು. "ಭಂಡಾರ ಮುಟ್ಟಿ ಹೇಳ್ರಿ, ಈ ಪುಸ್ತಕಾ ಯಾರದು?"

ಆಗ ನನ್ನ ತಲೆಯಲ್ಲಿ ಬಂದದ್ದು ಹೇಳಿದರೆ ನಿನಗೆ ಅಸಹ್ಯವಾದೀತು. ಯೇಸುವನ್ನು ನಂಬಿದ ಮೇಲೆ ಭಂಡಾರ ನನಗೆ ಬರೀ ಅರಿಶಿನ ಪುಡಿ, ಅದರ ಮೇಲಿನ ಆಣೆ ನನಗೆ ತಟ್ಟುವುದಿಲ್ಲ ಎಂದುಕೊಂಡೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಅಷ್ಟು ಸಹ ಅಳುಕದೆ, ಹಳದಿಯಲ್ಲಿ ಬೆರಳದ್ದಿ "ನಂದಲ್ಲರಿ" ಎಂದುಬಿಟ್ಟೆ. ನೀನು ಕೈ ಚಾಚಲಿಲ್ಲ. "ನಾ ಆಣಿ ಮಾಡಂಗಿಲ್ರಿ, ಮಾವಾರ" ಎಂದೆ. ನಿಜ ಹೇಳಿದರೆ ನನ್ನ ಮಾನ ಹೋಗುತ್ತಿತ್ತು, ಸುಳ್ಳು ನಿನ್ನ ಬಾಯಲ್ಲಿ ಬರುವುದಿಲ್ಲ. ಆಣೆ ಮಾಡದವಳದೇ ಪುಸ್ತಕ ಎಂದು ತೀರ್ಮಾನಿಸಿ ಮರುದಿನವೇ ನಿನ್ನನ್ನು ಬಸ್ಸು ಹತ್ತಿಸಿದರು.

ಹೋದ ವಾರ ಸೋಮವಾರ ಹಿರಿಯರು ಮತ್ತೆ ಕೂತರು, ನಿನಗೆ ಬಿಡುಗಡೆ ಪತ್ರ ಬರೆಯಲು. ಪರಶು ಗೋಡೆಗೆ ಮುಖ ಮಾಡಿ ನಿಂತಿದ್ದ. ನಾನು ಚಹದ ಕಪ್ಪುಗಳನ್ನು ಹಿಡಿದು ಹೋದವಳು ಅಲ್ಲೇ ಕೂತುಬಿಟ್ಟೆ. "ಪುಸ್ತಕ ನಂದರಿ. ಯೇಸುನ್ನ ನಂಬಿದಾಕಿ ನಾನು. ಹುಡುಗೀದು ಏನೂ ತಪ್ಪಿಲ್ಲ" ಎಂದೆ. ಇಷ್ಟು ಹೇಳಲು ಆರು ವರ್ಷ ಹಿಡಿಯಿತು.

ಮನೆ ಬಿಟ್ಟು ಹೊರಡು ಎನ್ನುತ್ತಾರೆಂದು ಕಾದೆ. ನಿನ್ನ ಮಾವ ನನ್ನ ಕಡೆ ತಿರುಗಿದರು. "ಯೇಸುನ್ನ ನಂಬ್ತಿದ್ರ ನಂಬು, ನಾ ಏನ್ ಕೊಲ್ಲತಿದ್ನೇನ? ಭಂಡಾರ ಮುಟ್ಟಿ ಸುಳ್ಳ ಹೇಳಿದೆಲ್ಲ! ಅದನ್ನ ನಂಬಿ ಸೊಸೀನ ಹೊರಗ ಹಾಕಿದೆವಲ್ಲ!" ಎಂದರು. ಮೂರು ದಿನ ನನ್ನ ಕೈಯ ರೊಟ್ಟಿ ಮುಟ್ಟಲಿಲ್ಲ. ನನಗೆ ಪುಡಿಯಾದದ್ದು ಅವರಿಗೆ ದೇವರು. ಅವರ ದೇವರ ಹೆಸರಿನಲ್ಲಿ ಅವರಿಗೆ ಮೋಸ ಮಾಡಿದೆ, ನನ್ನ ದೇವರನ್ನು ಅಲ್ಲಗಳೆದೆ. ಒಂದೇ ಮಾತಿಗೆ ಎರಡು ಕಡೆಗೂ ತಪ್ಪಿತಸ್ಥೆಯಾದೆ.

ಮೊನ್ನೆ ಭಾನುವಾರ ಪುಸ್ತಕವನ್ನು ಕೈಯಲ್ಲೇ ಹಿಡಿದು, ಹಗಲು ಬಸ್ಸಿನಲ್ಲಿ ಗಜೇಂದ್ರಗಡಕ್ಕೆ ಪ್ರಾರ್ಥನೆಗೆ ಹೋದೆ. ಬಸ್ಸಿನಲ್ಲಿ ನಮ್ಮೂರ ಮುಮತಾಜಬಿ "ಏನದು ಕಳಕವ್ವ?" ಎಂದು ಕೇಳಿದಳು. ಹೇಳಿದೆ. "ಹಂಗೇನು" ಎಂದು ಸರಿದು ಜಾಗ ಕೊಟ್ಟಳು. ಓಣಿಯ ಕೆಲವರು ಮಾತು ಬಿಟ್ಟಿದ್ದಾರೆ, ಉಡಿ ತುಂಬಲು ಕರೆಯುವುದಿಲ್ಲ. ಅದು ನೋಯುತ್ತದೆ, ಆದರೆ ತಡೆದುಕೊಳ್ಳಬಲ್ಲೆ.

ಶುಕ್ರವಾರ ಪರಶು ಶಿರೋಳಕ್ಕೆ ಬರುತ್ತಾನೆ. ಜೊತೆಗೆ ಶಿವನಪ್ಪ ಭಾವನವರೂ ಬರುತ್ತಾರೆ, ತಪ್ಪಾಯಿತು ಎನ್ನಲು. ಬರುವುದು ಬಿಡುವುದು ನಿನ್ನಿಷ್ಟ. ಬಂದರೆ ಪುಸ್ತಕ ಓದು ಎಂದು ನಾನು ಕೇಳುವುದಿಲ್ಲ. ಬಾರದಿದ್ದರೂ ನಿನ್ನ ಮೇಲೆ ಒಂದು ಮಾತು ಬರದಂತೆ ನೋಡಿಕೊಳ್ಳುತ್ತೇನೆ. ನಿನ್ನ ಅವ್ವ ಅಪ್ಪನಿಗೆ ನಮಸ್ಕಾರ ತಿಳಿಸು. ನೀನು ಎಲ್ಲಿದ್ದರೂ ನೂರು ವರ್ಷ ತಣ್ಣಗಿರು, ಮಗಳೆ.

ನಿನ್ನ ಅತ್ತೆ,
ಕಳಕವ್ವ

ತಾ.ಕ.: ಒಂದು ಮಾತನ್ನು ಹಿರಿಯರ ಮುಂದೆ ಹೇಳಲಿಲ್ಲ, ಪ್ರಾರ್ಥನೆಯಲ್ಲೂ ಬಾಯಿ ಬಿಡಲಿಲ್ಲ. ಅಂದು ನೀನು ಆಣೆ ಮಾಡುವುದಿಲ್ಲ ಎಂದಾಗ ಎಲ್ಲರ ಕಣ್ಣು ನನ್ನನ್ನು ಬಿಟ್ಟು ನಿನ್ನ ಕಡೆ ತಿರುಗಿತು. ಆ ಗಳಿಗೆಯಲ್ಲಿ ನಾನು ಮನಸ್ಸಿನಲ್ಲೇ ಕೈ ಮುಗಿದು, "ಯೇಸಪ್ಪಾ, ನನ್ನ ಉಳಿಸಿದಿ" ಎಂದು ಸ್ತೋತ್ರ ಹೇಳಿದೆ, ಗೌತಮಿ.